ಸ್ಟುಡಿಯೊ ಮಾನಿಟರ್ ಕೇಬಲ್‌ಗಳು

ಧ್ವನಿಮುದ್ರಣ ಮತ್ತು ಮಿಕ್ಸಿಂಗ್ ಕೆಲಸದಲ್ಲಿ ಧ್ವನಿಯ ತಪ್ಪು ಒಪ್ಪುಗಳನ್ನು ಕೇಳಿ ನಿರ್ಧರಿಸಲು ಬಳಸುವ ಸ್ಪೀಕರ್‌ಗಳನ್ನು ಸ್ಟುಡಿಯೊ ಮಾನಿಟರ್ ಎನ್ನುತ್ತಾರೆ. ಆಡಿಯೊ ಇಂಟರ್‌ಫೇಸ್, ಮಿಕ್ಸರ್ ಅಥವಾ ಆಂಪ್ಲಿಫೈಯರ್‌ನಿಂದ ಇವಕ್ಕೆ ಸಂಕೇತ ಒಯ್ಯುವ ತಂತಿಗಳೇ ಮಾನಿಟರ್ ಕೇಬಲ್‌ಗಳು. ಇವು ಹೊರನೋಟಕ್ಕೆ ಒಂದೇ ರೀತಿ ಕಂಡರೂ ಒಳರಚನೆಯಲ್ಲಿ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಗುಂಯ್‌ಗುಡುವ ಸದ್ದಿನಿಂದ ಹಿಡಿದು ಆಂಪ್ಲಿಫೈಯರ್ ಸುಡುವವರೆಗೆ ತೊಂದರೆಗಳು ಬರಬಹುದು. ಸರಿಯಾದ ಕೇಬಲ್ ಯಾವುದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಎರಡು ತುದಿಗಳಲ್ಲಿರುವ ಸಲಕರಣೆಗಳ ಬಗೆ, ನಡುವಿನ ದೂರ ಮತ್ತು ಕೋಣೆಯ ವಿದ್ಯುತ್ ವ್ಯವಸ್ಥೆ. ತಾಮ್ರದ ಶುದ್ಧತೆಗೂ ಬೆಲೆಗೂ ಇದರಲ್ಲಿ ಇರುವ ಪಾಲು ಬಹಳ ಸಣ್ಣದು.

ಆ್ಯಕ್ಟಿವ್ ಮತ್ತು ಪ್ಯಾಸಿವ್

ಮಾನಿಟರ್‌ಗಳಲ್ಲಿ ಎರಡು ಕುಲ. ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇಲ್ಲದ್ದು ಪ್ಯಾಸಿವ್. ಇದನ್ನು ಹೊರಗಿನ ಪವರ್ ಆಂಪ್ಲಿಫೈಯರ್ ಓಡಿಸಬೇಕು. ಆಂಪ್ಲಿಫೈಯರ್ ಒಳಗೇ ಇದ್ದು, ತನ್ನದೇ ಕರೆಂಟ್ ವೈರ್ ಬೇಡುವಂಥದ್ದು ಆ್ಯಕ್ಟಿವ್. ಕೇಬಲ್ ಆಯ್ಕೆಯ ಮೊದಲ ಕವಲು ಇಲ್ಲಿಯೇ ಒಡೆಯುತ್ತದೆ. ಇತಿಹಾಸದಲ್ಲಿ ಎರಡೂ ಬಗೆಗಳ ಹೆಸರಾಂತ ಉದಾಹರಣೆಗಳು 1978ರಲ್ಲೇ ಹೊರಬಂದವು. ಜಪಾನಿನ ಯಮಹಾ ಕಂಪನಿಯ ಎನ್‌ಎಸ್-10 ಪ್ಯಾಸಿವ್ ಸ್ಪೀಕರ್. ಮನೆಬಳಕೆಗೆಂದು ತಯಾರಾದ ಇದು ಬಿಳಿ ಕೋನ್‌ನ ಗುರುತಿನೊಂದಿಗೆ ಜಗತ್ತಿನ ಮಿಕ್ಸಿಂಗ್ ಕೋಣೆಗಳನ್ನೆಲ್ಲ ಆವರಿಸಿತು. ತಯಾರಿಕೆ ನಿಂತದ್ದು 2001ರಲ್ಲಿ. ಅದೇ 1978ರಲ್ಲಿ ಫಿನ್‌ಲೆಂಡಿನ ಈಸಲ್ಮಿ ಊರಿನ ಜೆನೆಲೆಕ್ ಕಂಪನಿ, ಅಲ್ಲಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಗಾಗಿ ಎಸ್30 ಎಂಬ ಆ್ಯಕ್ಟಿವ್ ಮಾನಿಟರನ್ನು ರೂಪಿಸಿತು. ಇಂದು ಮನೆ ಸ್ಟುಡಿಯೊಗಳಿಗೆ ಕೊಳ್ಳುವ ಮಾನಿಟರ್‌ಗಳಲ್ಲಿ ಬಹುಪಾಲು ಎರಡನೆಯ ಕುಲದವು.

ಎರಡರ ಕೇಬಲ್‌ಗಳು ಹೊರುವ ಹೊರೆಯಲ್ಲಿ ಅಗಾಧ ಅಂತರವಿದೆ. 8 ಓಮ್‌ನ ಪ್ಯಾಸಿವ್ ಮಾನಿಟರ್‌ಗೆ 100 ವ್ಯಾಟ್ ಕೊಡುವಾಗ ತಂತಿಯಲ್ಲಿ ಸುಮಾರು 28 ವೋಲ್ಟ್ ಒತ್ತಡದಲ್ಲಿ 3.5 ಆಂಪಿಯರ್ ಪ್ರವಾಹ ಹರಿಯುತ್ತದೆ. ಆ್ಯಕ್ಟಿವ್ ಮಾನಿಟರ್‌ಗೆ ಹೋಗುವುದು ಲೈನ್ ಮಟ್ಟದ ಸಂಕೇತ: ಸುಮಾರು 1.2 ವೋಲ್ಟ್. ಮಾನಿಟರ್‌ನ ಒಳಪ್ರವೇಶದ ಪ್ರತಿಬಾಧೆ (ಇಂಪೀಡೆನ್ಸ್) 10 ಕಿಲೊಓಮ್ ಎಂದಿಟ್ಟುಕೊಂಡರೆ ಪ್ರವಾಹ ಬರೀ 0.12 ಮಿಲಿಆಂಪಿಯರ್, ಅಂದರೆ ಮೊದಲನೆಯದರ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹೀಗಾಗಿ ಪ್ಯಾಸಿವ್ ಮಾನಿಟರ್‌ಗೆ ದಪ್ಪ ತಾಮ್ರ ಬೇಕು, ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ಬೇಡ. ಆ್ಯಕ್ಟಿವ್ ಮಾನಿಟರ್‌ಗೆ ಸಪೂರ ತಂತಿ ಸಾಕು, ಆದರೆ ಹೊರಗಿನ ಗದ್ದಲ ಒಳನುಗ್ಗದಂತೆ ರಕ್ಷಣೆ ಬೇಕು.

ಇವೆರಡರ ಅದಲುಬದಲು ನಡೆಯುವುದು 6.35 ಮಿಲಿಮೀಟರ್ ಪ್ಲಗ್‌ನಿಂದಾಗಿ. ಗಿಟಾರ್ ಕೇಬಲ್‌ಗೂ ಸ್ಪೀಕರ್ ಕೇಬಲ್‌ಗೂ ಇದೇ ಪ್ಲಗ್ ಹಾಕಿರುವುದುಂಟು. ಗಿಟಾರ್ ಕೇಬಲ್‌ನಿಂದ ಪವರ್ ಆಂಪ್ಲಿಫೈಯರ್ ಮತ್ತು ಪ್ಯಾಸಿವ್ ಸ್ಪೀಕರನ್ನು ಜೋಡಿಸಿದರೆ ಒಳಗಿನ ಕೂದಲೆಳೆಯಷ್ಟು ತಂತಿ ಬಿಸಿಯಾಗಿ, ನಿರೋಧಕ ಪದರ ಕರಗಿ ಶಾರ್ಟ್ ಆಗುವ ಅಪಾಯವಿದೆ. ಸ್ಪೀಕರ್ ಕೇಬಲ್‌ನಿಂದ ಇಂಟರ್‌ಫೇಸ್ ಮತ್ತು ಆ್ಯಕ್ಟಿವ್ ಮಾನಿಟರನ್ನು ಜೋಡಿಸಿದರೆ ಏನೂ ಸುಡುವುದಿಲ್ಲ, ಆದರೆ ಕೋಣೆಯ ವಿದ್ಯುತ್ ಗದ್ದಲವೆಲ್ಲ ಸ್ಪೀಕರಿನಲ್ಲಿ ಕೇಳುತ್ತದೆ. ಕೇಬಲ್ ಮೇಲಿನ ಸಣ್ಣ ಮುದ್ರಣವನ್ನು ಓದಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಬ್ಯಾಲೆನ್ಸ್ಡ್ ಜೋಡಣೆಯ ತತ್ವ

ಆ್ಯಕ್ಟಿವ್ ಮಾನಿಟರ್‌ಗಳ ಕೇಬಲ್ ವಿಚಾರವೆಲ್ಲ ಒಂದು ಹಳೆಯ ಉಪಾಯದ ಮೇಲೆ ನಿಂತಿದೆ. ಅದು ಹುಟ್ಟಿದ್ದು ದೂರವಾಣಿಯ ಲೋಕದಲ್ಲಿ. ಆರಂಭದ ದೂರವಾಣಿಗಳಲ್ಲಿ ಒಂದೇ ತಂತಿಯಿದ್ದು, ಪ್ರವಾಹ ಮರಳುವ ದಾರಿಯಾಗಿ ಭೂಮಿಯನ್ನೇ ಬಳಸುತ್ತಿದ್ದರು. ಪಕ್ಕದ ಟೆಲಿಗ್ರಾಫ್ ತಂತಿಗಳ ಸದ್ದೂ ಮಾತಿನ ಜೊತೆ ಸೇರಿ ಬರುತ್ತಿತ್ತು. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದರೆ ಈ ಗದ್ದಲ ತಗ್ಗುತ್ತದೆಂದು ತೋರಿಸಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಹೆಣೆದ ಎರಡು ತಂತಿಗಳೂ ಹೊರಗಿನ ಕಾಂತಕ್ಷೇತ್ರಕ್ಕೆ ಸರಾಸರಿಯಲ್ಲಿ ಒಂದೇ ದೂರದಲ್ಲಿರುವುದರಿಂದ ಎರಡರಲ್ಲೂ ಒಂದೇ ಪ್ರಮಾಣದ ಗದ್ದಲ ಹುಟ್ಟುತ್ತದೆ. ಸಂಕೇತವನ್ನು ಮಾತ್ರ ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಕಳಿಸಲಾಗುತ್ತದೆ. ಆಚೆ ತುದಿಯ ಸರ್ಕ್ಯೂಟ್ ಒಂದರಿಂದ ಇನ್ನೊಂದನ್ನು ಕಳೆದಾಗ, ಎರಡರಲ್ಲೂ ಸಮನಾಗಿರುವ ಗದ್ದಲ ಹೋಗಿ ವ್ಯತ್ಯಾಸವಷ್ಟೇ ಉಳಿಯುತ್ತದೆ. ಯಾವ ಶೀಲ್ಡೂ ಇಲ್ಲದ ಟೆಲಿಫೋನ್ ಜೋಡಿತಂತಿಗಳು ಕಿಲೊಮೀಟರುಗಟ್ಟಲೆ ದೂರ ವಿದ್ಯುತ್ ಕಂಬಗಳ ಪಕ್ಕದಲ್ಲೇ ಸಾಗಿಯೂ ಮಾತನ್ನು ಸ್ಪಷ್ಟವಾಗಿ ತಲುಪಿಸಿದ್ದು ಈ ಉಪಾಯದ ಬಲದಿಂದ.

ಸ್ಟುಡಿಯೊದ ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಹೆಣೆದ ಎರಡು ತಂತಿಗಳ ಸುತ್ತ ಒಂದು ಶೀಲ್ಡ್ ಇರುತ್ತದೆ. ಒಂದು ತಂತಿಯಲ್ಲಿ ಸಂಕೇತ, ಇನ್ನೊಂದರಲ್ಲಿ ಅದೇ ಸಂಕೇತ ತಲೆಕೆಳಗಾಗಿ ಹರಿಯಬೇಕು ಎಂಬ ವಿವರಣೆ ಎಲ್ಲೆಡೆ ಕಾಣಸಿಗುತ್ತದೆ. ಇದು ಅರ್ಧ ಸತ್ಯ. ಗದ್ದಲ ಹೋಗಲು ಬೇಕಾದದ್ದು ಎರಡು ತಂತಿಗಳಿಗೂ ನೆಲಕ್ಕೆ ಸಂಬಂಧಿಸಿ ಸಮಾನ ಪ್ರತಿಬಾಧೆ ಇರುವುದು. ಎರಡನೆಯದರಲ್ಲಿ ಸಂಕೇತ ಇಲ್ಲದಿದ್ದರೂ ನಡೆಯುತ್ತದೆ. ಅಮೆರಿಕದ ಇಂಜಿನಿಯರ್ ಬಿಲ್ ವಿಟ್ಲಾಕ್ ಈ ಮಾತನ್ನು ದಶಕಗಳ ಕಾಲ ಒತ್ತಿ ಹೇಳಿದರು. ಕಡಿಮೆ ಬೆಲೆಯ ಹಲವು ಇಂಟರ್‌ಫೇಸ್‌ಗಳ ಔಟ್‌ಪುಟ್ ಇದೇ ರೀತಿಯದು: ಎರಡನೆಯ ತಂತಿಯನ್ನು ಒಂದು ರೆಸಿಸ್ಟರ್ ಮೂಲಕ ನೆಲಕ್ಕೆ ಜೋಡಿಸಿ ಪ್ರತಿಬಾಧೆಯನ್ನು ಮಾತ್ರ ಸರಿತೂಗಿಸಿರುತ್ತಾರೆ. ಇಂಥವಕ್ಕೂ ಬ್ಯಾಲೆನ್ಸ್ಡ್ ಕೇಬಲನ್ನೇ ಹಾಕಬೇಕು, ಫಲವೂ ಪೂರ್ತಿ ಸಿಗುತ್ತದೆ.

ಅನ್‌ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಒಂದೇ ಒಳತಂತಿ. ಮರಳುವ ದಾರಿಯ ಕೆಲಸವನ್ನು ಶೀಲ್ಡ್ ಮಾಡುತ್ತದೆ. ದೋಷ ಇರುವುದೂ ಅಲ್ಲೇ. ಎರಡು ಸಲಕರಣೆಗಳ ಲೋಹದ ಕವಚಗಳ ನಡುವೆ ಹರಿಯುವ ಯಾವುದೇ ಬೇಡದ ಪ್ರವಾಹ ಶೀಲ್ಡಿನ ಮೂಲಕವೇ ಹೋಗಿ, ಅದರ ರೆಸಿಸ್ಟೆನ್ಸ್‌ನಲ್ಲಿ ಹುಟ್ಟುವ ಸಣ್ಣ ವೋಲ್ಟೇಜ್ ಸಂಕೇತಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ. ಎಷ್ಟೇ ದುಬಾರಿ ಶೀಲ್ಡ್ ಹಾಕಿದರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ಶೀಲ್ಡ್ ಇಲ್ಲಿ ಸಂಕೇತದ ದಾರಿಯ ಭಾಗವೇ ಆಗಿದೆ.

ಪಿನ್‌ಗಳು ಮತ್ತು ಜಾಕ್‌ಗಳು

ಮಾನಿಟರ್ ಬೆನ್ನಿನಲ್ಲಿ ಸಾಮಾನ್ಯವಾಗಿ ಕಾಣುವ ತೂತುಗಳು ಮೂರು ಬಗೆ: ಎಕ್ಸ್‌ಎಲ್‌ಆರ್, 6.35 ಮಿಲಿಮೀಟರ್ ಟಿಆರ್‌ಎಸ್, ಆರ್‌ಸಿಎ. ಇವುಗಳಲ್ಲಿ ಎಕ್ಸ್‌ಎಲ್‌ಆರ್ ಅತ್ಯಂತ ಭದ್ರ. ಜೇಮ್ಸ್ ಕ್ಯಾನನ್ 1915ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಕ್ಯಾನನ್ ಎಲೆಕ್ಟ್ರಿಕ್ ಕಂಪನಿಯ ಎಕ್ಸ್ ಸರಣಿಯ ಕನೆಕ್ಟರ್‌ಗೆ ಮುಂದೆ ಕೊಂಡಿ ಸೇರಿತು, ಬಳಿಕ ರಬ್ಬರ್ ಒಳಪದರ ಸೇರಿತು. ಹೀಗೆ ಈ ಹೆಸರು ಬೆಳೆಯಿತು. ನಮ್ಮ ಸೌಂಡ್ ಸಿಸ್ಟಂನವರು ಇದನ್ನು ಇಂದಿಗೂ ಕ್ಯಾನನ್ ಜಾಕ್ ಎಂದೇ ಕರೆಯುತ್ತಾರೆ. ಒಂದನೇ ಪಿನ್ ಶೀಲ್ಡ್, ಎರಡನೆಯದು ಹಾಟ್ (ಸಂಕೇತದ ಮೊದಲ ತಂತಿ), ಮೂರನೆಯದು ಕೋಲ್ಡ್ (ಅದರ ಜೊತೆಯ ಎರಡನೇ ತಂತಿ). ಹಿಂದೆ ಕೆಲವು ತಯಾರಕರು ಎರಡು ಮೂರನ್ನು ಅದಲುಬದಲು ಮಾಡುತ್ತಿದ್ದರು. ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ 1992ರ ಎಇಎಸ್14 ಮಾನಕ ಈ ಗೊಂದಲಕ್ಕೆ ತೆರೆ ಎಳೆಯಿತು. ಹಳೆಯ ಸಲಕರಣೆಯೊಂದನ್ನು ಹೊಸದರ ಜೊತೆ ಕೂಡಿಸುವಾಗ ಎರಡು ಮಾನಿಟರ್‌ಗಳಲ್ಲಿ ಒಂದು ಮಾತ್ರ ತಿರುವುಮುರುವಾದರೆ ನಡುವೆ ನಿಲ್ಲಬೇಕಾದ ಗಾಯನ ಎತ್ತಲೋ ಹರಡಿಹೋಗುತ್ತದೆ, ಬಾಸ್ ಸೊರಗುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ ಸಂಕೇತ ಹರಿಯುವುದು ಮುಳ್ಳುಗಳು ಚಾಚಿದ ದಿಕ್ಕಿಗೆ. ಮಾನಿಟರ್‌ಗೆ ಹೋಗುವ ತುದಿ ಗಂಡು, ಇಂಟರ್‌ಫೇಸ್ ಕಡೆಯದು ಹೆಣ್ಣು.

6.35 ಮಿಲಿಮೀಟರ್ ಪ್ಲಗ್ ಹತ್ತೊಂಬತ್ತನೇ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಿಂದ ಬಂದದ್ದು; ಕೈಯಿಂದ ಕರೆ ಜೋಡಿಸುವವರ ಫಲಕಗಳಲ್ಲಿ ಇದೇ ಬಳಕೆಯಲ್ಲಿತ್ತು. ನಮ್ಮ ಅಂಗಡಿಗಳಲ್ಲಿ ಇದನ್ನು ಪಿ-38 ಎನ್ನುತ್ತಾರೆ. ತುದಿಯ ಬಳಿ ಒಂದು ಕಪ್ಪು ಪಟ್ಟಿ ಇದ್ದರೆ ಟಿಎಸ್, ಅಂದರೆ ಅನ್‌ಬ್ಯಾಲೆನ್ಸ್ಡ್. ಎರಡು ಪಟ್ಟಿ ಇದ್ದರೆ ಟಿಆರ್‌ಎಸ್. ಅಂಗಡಿಯವರ ಮಾತಿನಲ್ಲಿ ಸ್ಟೀರಿಯೊ ಪಿನ್. ಮಾನಿಟರ್‌ಗೆ ಹೋಗುವ ಟಿಆರ್‌ಎಸ್‌ನಲ್ಲಿ ಇರುವುದು ಒಂದೇ ಚಾನಲ್, ಅದೂ ಬ್ಯಾಲೆನ್ಸ್ಡ್ ರೂಪದಲ್ಲಿ. ಹೆಡ್‌ಫೋನ್‌ಗೆ ಹೋಗುವ ಟಿಆರ್‌ಎಸ್‌ನಲ್ಲಿ ಇರುವುದು ಎಡ ಬಲ ಎರಡು ಚಾನಲ್. ಪ್ಲಗ್ ಒಂದೇ, ಅದರೊಳಗಿನ ಅರ್ಥ ಬೇರೆ. ಎಕ್ಸ್‌ಎಲ್‌ಆರ್‌ನಿಂದ ಟಿಆರ್‌ಎಸ್‌ಗೆ ಜೋಡಿಸುವಾಗ ಒಂದನೇ ಪಿನ್ ಪ್ಲಗ್‌ನ ಬುಡಕ್ಕೆ, ಎರಡನೆಯದು ತುದಿಗೆ, ಮೂರನೆಯದು ನಡುವಿನ ಉಂಗುರಕ್ಕೆ ಹೋಗುತ್ತದೆ.

ಈ ಅರ್ಥವ್ಯತ್ಯಾಸ ಮರೆತಾಗ ಆಗುವ ಎಡವಟ್ಟು ಬಹಳ ಸಾಮಾನ್ಯ, ಮೊದಲ ಸಲ ಕಂಡವರನ್ನು ಅದು ಕಂಗೆಡಿಸುತ್ತದೆ. ಲ್ಯಾಪ್‌ಟಾಪಿನ 3.5 ಮಿಲಿಮೀಟರ್ ಹೆಡ್‌ಫೋನ್ ತೂತಿನಿಂದ ಟಿಆರ್‌ಎಸ್ ಕೇಬಲ್ ಎಳೆದು ಒಂದೇ ಮಾನಿಟರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಕೊಟ್ಟರೆ ವಾದ್ಯಗಳು ಕೇಳುತ್ತವೆ, ಗಾಯಕನ ದನಿ ಮಾಯವಾಗಿರುತ್ತದೆ. ಎಡ ಚಾನಲ್ ಹಾಟ್‌ಗೂ ಬಲ ಚಾನಲ್ ಕೋಲ್ಡ್‌ಗೂ ಹೋಗಿ, ಮಾನಿಟರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿರುವ ದನಿ ಗದ್ದಲದಂತೆಯೇ ಅಳಿಸಿಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ತುದಿಯಲ್ಲಿ 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್, ಇನ್ನೊಂದು ಕಡೆ ಎರಡು ಬೇರೆ ಬೇರೆ ಮೊನೊ ಪ್ಲಗ್ ಇರುವ ಕವಲು ಕೇಬಲ್, ಜೊತೆಗೆ ಎರಡು ಮಾನಿಟರ್.

ಆರ್‌ಸಿಎ ಪಿನ್ ಅಮೆರಿಕದ ರೇಡಿಯೊ ಕಾರ್ಪೊರೇಷನ್ ತನ್ನ ರೇಡಿಯೊಗಳಿಗೆ ಗ್ರಾಮಾಫೋನ್ ಜೋಡಿಸಲು ತಂದದ್ದು. ಅದು ಎಂದೂ ಅನ್‌ಬ್ಯಾಲೆನ್ಸ್ಡ್. ಟಿ.ವಿ., ಡಿಜೆ ಮಿಕ್ಸರ್‌ಗಳ ಔಟ್‌ಪುಟ್ ಇದೊಂದೇ ಆಗಿದ್ದರೆ ಬೇರೆ ದಾರಿಯಿಲ್ಲ. ಆಗಲೂ ಮಾನಿಟರ್ ಕಡೆಯಲ್ಲಿ ಬ್ಯಾಲೆನ್ಸ್ಡ್ ಇನ್‌ಪುಟ್ ಇದ್ದರೆ ಅದನ್ನೇ ಬಳಸುವುದು ಜಾಣತನ. ಎರಡು ಒಳತಂತಿಯ ಶೀಲ್ಡ್ ಕೇಬಲ್ ತೆಗೆದುಕೊಂಡು, ಆರ್‌ಸಿಎಯ ನಡುಪಿನ್ನಿನಿಂದ ಎಕ್ಸ್‌ಎಲ್‌ಆರ್‌ನ ಎರಡನೇ ಪಿನ್ನಿಗೆ, ಆರ್‌ಸಿಎಯ ಹೊರ ಉಂಗುರದಿಂದ ಮೂರನೇ ಪಿನ್ನಿಗೆ ತಂತಿ ಎಳೆಯಬೇಕು. ಶೀಲ್ಡನ್ನು ಹೊರ ಉಂಗುರದ ಕಡೆ ಬೆಸೆದು, ಆಚೆ ಒಂದನೇ ಪಿನ್ನಿಗೆ ಕೊಡಬೇಕು. ಹೀಗೆ ಮಾಡಿದಾಗ ಶೀಲ್ಡಿನ ಪ್ರವಾಹ ಸಂಕೇತದ ದಾರಿಯಿಂದ ಬೇರ್ಪಟ್ಟು ಸದ್ದು ಗಣನೀಯವಾಗಿ ತಗ್ಗುತ್ತದೆ. ಅಂಗಡಿಯ ಸಿದ್ಧ ಆರ್‌ಸಿಎ-ಎಕ್ಸ್‌ಎಲ್‌ಆರ್ ಕೇಬಲ್‌ಗಳಲ್ಲಿ ಅನೇಕವು ಒಂದೇ ಒಳತಂತಿಯವು, ಅವುಗಳಲ್ಲಿ ಈ ಲಾಭವಿಲ್ಲ.

ಸಂಕೇತದ ಮಟ್ಟ

ವೃತ್ತಿಪರ ಸಲಕರಣೆಗಳ ಲೈನ್ ಮಟ್ಟ +4 ಡಿಬಿಯು, ಅಂದರೆ 1.23 ವೋಲ್ಟ್. ಮನೆಬಳಕೆಯ ಸಲಕರಣೆಗಳದು −10 ಡಿಬಿವಿ, ಅಂದರೆ 0.316 ವೋಲ್ಟ್. ಎರಡರ ಅಂತರ 11.8 ಡೆಸಿಬಲ್. ಹಲವು ಮಾನಿಟರ್‌ಗಳ ಬೆನ್ನಿಗೆ ಇದನ್ನು ಹೊಂದಿಸುವ ಸ್ವಿಚ್ ಇರುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ ಟಿಎಸ್ ಕೇಬಲ್ ಹಾಕಿದಾಗ ಎರಡು ತಂತಿಗಳಲ್ಲಿ ಒಂದು ನೆಲಕ್ಕೆ ಸೇರಿ, ಹಲವು ಸಲಕರಣೆಗಳಲ್ಲಿ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಒಂದು ಮಾನಿಟರ್‌ಗೆ ಟಿಆರ್‌ಎಸ್, ಇನ್ನೊಂದಕ್ಕೆ ಟಿಎಸ್ ಹಾಕಿ, ಎಡಬಲದ ತೂಕ ತಪ್ಪಿದ್ದಕ್ಕೆ ಮಾನಿಟರನ್ನು ದೂರುವವರಿದ್ದಾರೆ. ಎರಡೂ ಕಡೆ ಒಂದೇ ಬಗೆಯ ಕೇಬಲ್ ಇರಬೇಕೆಂಬ ನಿಯಮಕ್ಕೆ ಇದೇ ಕಾರಣ. ಏನೂ ನುಡಿಸದಿರುವಾಗ ಟ್ವೀಟರ್‌ನಿಂದ ಬರುವ ನಯವಾದ ಹಿಸ್ ಸದ್ದು ಬೇರೆಯದೇ ಸಂಗತಿ. ಕೇಬಲ್ ಕಿತ್ತರೂ ಅದು ಉಳಿದರೆ ಆಂಪ್ಲಿಫೈಯರಿನದೇ ಸದ್ದು, ಕೇಬಲ್ ಬದಲಿಸಿ ಫಲವಿಲ್ಲ.

ಉದ್ದ

ಕೇಬಲ್‌ನ ಎರಡು ತಂತಿಗಳು ಒಂದು ಸಣ್ಣ ಕೆಪಾಸಿಟರ್‌ನಂತೆ ವರ್ತಿಸಿ ಮೇಲಿನ ಸ್ವರಗಳನ್ನು ಸೋಸಬಲ್ಲವು. ಮೀಟರಿಗೆ 100 ಪಿಕೊಫ್ಯಾರಡ್ ಎಂಬುದು ಮಾಮೂಲಿ ಲೆಕ್ಕ. ಇಂಟರ್‌ಫೇಸಿನ ಔಟ್‌ಪುಟ್ ಪ್ರತಿಬಾಧೆ 100 ಓಮ್, ಕೇಬಲ್ 10 ಮೀಟರ್ ಎಂದಾದರೆ ಈ ಸೋಸುವಿಕೆ ಆರಂಭವಾಗುವುದು ಸುಮಾರು 16 ಲಕ್ಷ ಹರ್ಟ್ಸ್ ಆಸುಪಾಸಿನಲ್ಲಿ. ಮನುಷ್ಯನ ಕಿವಿ ಕೇಳುವುದು 20 ಸಾವಿರದವರೆಗೆ. ಪ್ರತಿಬಾಧೆ 1,000 ಓಮ್ ಇದ್ದರೂ ಅಂಕಿ 1 ಲಕ್ಷ 60 ಸಾವಿರದ ಬಳಿಯೇ ನಿಲ್ಲುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಬಲ್ ಉದ್ದವಾದಷ್ಟೂ ನಾದ ಮಂಕಾಗುವುದು ನಿಜ, ಅದರ ಪಿಕಪ್‌ನ ಪ್ರತಿಬಾಧೆ ಬಹಳ ಹೆಚ್ಚು. ಆ ಅನುಭವವನ್ನು ಮಾನಿಟರ್ ಕೇಬಲ್‌ಗೆ ಅನ್ವಯಿಸಿದ್ದರಿಂದಲೇ ಎಷ್ಟೋ ತಪ್ಪು ನಂಬಿಕೆಗಳು ಹುಟ್ಟಿವೆ.

ಬ್ಯಾಲೆನ್ಸ್ಡ್ ಕೇಬಲ್ 30 ಮೀಟರ್‌ವರೆಗೂ ಆತಂಕವಿಲ್ಲದೆ ಹೋಗುತ್ತದೆ. ಅನ್‌ಬ್ಯಾಲೆನ್ಸ್ಡ್ ಕೇಬಲನ್ನು ಮೂರು ಮೀಟರಿನೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಎಡ ಬಲ ಕೇಬಲ್‌ಗಳ ಉದ್ದ ಸಮನಾಗಿರದಿದ್ದರೆ ಒಂದು ಕಡೆಯ ಧ್ವನಿ ತಡವಾಗಿ ಬರುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಎರಡು ಮೀಟರ್ ವ್ಯತ್ಯಾಸಕ್ಕೆ ತಗಲುವ ಕಾಲದಲ್ಲಿ ಗಾಳಿಯಲ್ಲಿ ಶಬ್ದ ಚಲಿಸುವುದು ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರೂವರೆ ಪಾಲು ಮಾತ್ರ. ಕುರ್ಚಿಯಲ್ಲಿ ತುಸು ಮಿಸುಕಿದರೂ ಅದಕ್ಕಿಂತ ಸಾವಿರಾರು ಪಟ್ಟು ವ್ಯತ್ಯಾಸವಾಗುತ್ತದೆ. ಹೆಚ್ಚುವರಿ ಉದ್ದವನ್ನು ಸುರುಳಿ ಸುತ್ತಿ ವಿದ್ಯುತ್ ಅಡಾಪ್ಟರ್‌ಗಳ ಮೇಲೆ ಪೇರಿಸುವುದಕ್ಕಿಂತ ಬೇಕಾದಷ್ಟೇ ಉದ್ದ ಮಾಡಿಸುವುದು ಮೇಲು. ಮೇಜನ್ನು ಸರಿಸಿದರೂ ಎಳೆತ ಬೀಳದಂತೆ ಅರ್ಧ ಮೀಟರ್ ಸಡಿಲ ಬಿಟ್ಟರೆ ಸಾಕು.

ಶೀಲ್ಡ್ ಮತ್ತು ಸ್ಟಾರ್ ಕ್ವಾಡ್

ಶೀಲ್ಡ್‌ಗಳಲ್ಲಿ ಹೆಣೆದದ್ದು, ಸುರುಳಿ ಸುತ್ತಿದ್ದು, ಅಲ್ಯುಮಿನಿಯಂ ಹಾಳೆಯದು ಎಂಬ ಬಗೆಗಳಿವೆ. ಹಾಳೆ ತಂತಿಯನ್ನು ಪೂರ್ತಿ ಮುಚ್ಚುತ್ತದೆ, ಅಗ್ಗವೂ ಹೌದು, ಆದರೆ ಪದೇ ಪದೇ ಮಡಚಿದರೆ ಹರಿಯುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಒಮ್ಮೆ ಎಳೆದು ಬಿಡುವ ತಂತಿಗೆ ಅದೇ ಸೂಕ್ತ. ಆಗಾಗ ಬಿಚ್ಚಿ ಕಟ್ಟುವ ಕೇಬಲ್‌ಗೆ ಹೆಣೆದ ತಾಮ್ರ ಬಾಳಿಕೆ ಬರುತ್ತದೆ.

ಶೀಲ್ಡ್ ತಡೆಯುವುದು ಮುಖ್ಯವಾಗಿ ವಿದ್ಯುತ್ ಕ್ಷೇತ್ರ ಮತ್ತು ರೇಡಿಯೊ ತರಂಗಗಳನ್ನು. ಟ್ರಾನ್ಸ್‌ಫಾರ್ಮರಿನಿಂದ ಹೊರಡುವ 50 ಹರ್ಟ್ಸ್‌ನ ಕಾಂತಕ್ಷೇತ್ರದ ಎದುರು ತಾಮ್ರದ ಶೀಲ್ಡ್ ಹೆಚ್ಚೇನೂ ಮಾಡಲಾರದು. ಅಲ್ಲಿ ನೆರವಾಗುವುದು ಹೆಣಿಗೆ. ಸ್ಟಾರ್ ಕ್ವಾಡ್ ಕೇಬಲ್ ಈ ಹೆಣಿಗೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ನಾಲ್ಕು ತಂತಿಗಳನ್ನು ಚೌಕದ ಮೂಲೆಗಳಲ್ಲಿರುವಂತೆ ಹೆಣೆದು, ಎದುರುಬದುರಿನ ಎರಡೆರಡನ್ನು ಕೂಡಿಸಿ ಬೆಸೆಯುತ್ತಾರೆ. ಆಗ ಹಾಟ್ ಮತ್ತು ಕೋಲ್ಡ್ ಎರಡರ ನಡುಬಿಂದುವೂ ಒಂದೇ ಕಡೆ ಬಂದು, ಕಾಂತಕ್ಷೇತ್ರ ಎರಡರ ಮೇಲೂ ಒಂದೇ ತೆರನಾಗಿ ಬೀಳುತ್ತದೆ. ಜಪಾನಿನ ಕನಾರೆ, ಮೊಗಾಮಿ ಕಂಪನಿಗಳ ಸ್ಟಾರ್ ಕ್ವಾಡ್ ಕೇಬಲ್‌ಗಳು ಭಾರತದ ಸ್ಟುಡಿಯೊಗಳಲ್ಲೂ ಬಳಕೆಯಲ್ಲಿವೆ. ಲೈಟ್ ಡಿಮ್ಮರ್, ಲಿಫ್ಟಿನ ಮೋಟಾರ್, ದೊಡ್ಡ ಯುಪಿಎಸ್ ಹತ್ತಿರವಿದ್ದರೆ ಇದು ಹಣಕ್ಕೆ ತಕ್ಕ ಫಲ ಕೊಡುತ್ತದೆ. ಸಾಧಾರಣ ಮನೆಯ ಕೋಣೆಯಲ್ಲಿ ಎರಡು ತಂತಿಯದೇ ಸಾಕು.

ಗುಂಯ್‌ಗುಡುವ ಸದ್ದು ಮತ್ತು ಅರ್ತಿಂಗ್

ಮಾನಿಟರ್ ಜೋಡಣೆಯಲ್ಲಿ ಕೇಳಿಬರುವ ದೂರುಗಳಲ್ಲಿ ಹಮ್ಮಿಂಗಿಗೇ ಮೊದಲ ಸ್ಥಾನ. ಭಾರತದ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್‌ನದು. ಆದ್ದರಿಂದ ಈ ಸದ್ದು 50 ಹರ್ಟ್ಸ್‌ನಲ್ಲೂ ಅದರ ಗುಣಕಗಳಾದ 100, 150ರಲ್ಲೂ ಇರುತ್ತದೆ. ಶಾಸ್ತ್ರೀಯ ಸಂಗೀತ ಮುದ್ರಿಸುವವರಿಗೆ ಇದರ ಕಾಟ ಹೆಚ್ಚು. ಸಿ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಮಾನಿಟರಿನಲ್ಲಿ 100 ಹರ್ಟ್ಸ್‌ನ ಗುಂಯ್ ಸದ್ದಿದ್ದರೆ ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆ ಹುಟ್ಟುತ್ತದೆ. ತಂತಿ ಸರಿಯಾಗಿ ಕೂಡಿದ್ದರೂ ಶ್ರುತಿ ಅಲುಗಿದಂತೆ ಕೇಳಿ, ಕೇಳುವವರ ನಿರ್ಧಾರವೇ ತಪ್ಪುತ್ತದೆ.

ಇದರ ಮುಖ್ಯ ಕಾರಣ ಗ್ರೌಂಡ್ ಲೂಪ್. ಮಾನಿಟರ್ ಒಂದು ಗೋಡೆಯ ಪ್ಲಗ್ಗಿನಿಂದ, ಕಂಪ್ಯೂಟರ್ ಇನ್ನೊಂದು ಗೋಡೆಯದರಿಂದ ಅರ್ತಿಂಗ್ ಪಡೆದಾಗ ಎರಡು ಅರ್ತಿಂಗ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿರುತ್ತದೆ. ಆಡಿಯೊ ಕೇಬಲ್‌ನ ಶೀಲ್ಡ್ ಅವೆರಡನ್ನೂ ಕೂಡಿಸಿ ಪ್ರವಾಹಕ್ಕೆ ದಾರಿಮಾಡಿಕೊಡುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ಕಿತ್ತುಹಾಕಿದರೆ ಲೂಪ್ ಮುರಿದು ಸದ್ದು ನಿಲ್ಲುತ್ತದೆ; ಇದನ್ನು ಉಪಾಯವೆಂದು ಹೇಳಿಕೊಡುವವರೂ ಇದ್ದಾರೆ. ಇದು ಜೀವಕ್ಕೆ ಅಪಾಯ. ಮಾನಿಟರಿನೊಳಗೆ ಫೇಸ್ ತಂತಿ ಲೋಹದ ಕವಚಕ್ಕೆ ತಾಗಿದರೆ ಪ್ರವಾಹವನ್ನು ಭೂಮಿಗೆ ಹರಿಸಿ ಫ್ಯೂಸ್ ಹಾರಿಸುವುದು ಆ ಪಿನ್ನೇ. ಅದಿಲ್ಲದಿದ್ದರೆ ಆ ಪ್ರವಾಹ ಮೈಕ್ ಹಿಡಿದು ನಿಂತವರ ಮೈಮೂಲಕ ಹರಿಯಬಹುದು. ಅರ್ತಿಂಗ್ ಪಿನ್ ತೆಗೆಯುವುದನ್ನು ಯಾವ ಕಾರಣಕ್ಕೂ ಮಾಡಕೂಡದು.

ಸರಿಯಾದ ಕ್ರಮ ಬೇರೆ. ಇಂಟರ್‌ಫೇಸ್, ಕಂಪ್ಯೂಟರ್, ಮಾನಿಟರ್ ಎಲ್ಲಕ್ಕೂ ಒಂದೇ ಗೋಡೆಯ ಪ್ಲಗ್ಗಿನಿಂದ ಒಂದು ಒಳ್ಳೆಯ ಸ್ಪೈಕ್ ಬಸ್ಟರ್ ಮೂಲಕ ಕರೆಂಟ್ ಕೊಡಬೇಕು; ಎಲ್ಲ ಸೇರಿದರೂ ಮನೆ ಸ್ಟುಡಿಯೊದ ಹೊರೆ ಸಾಮಾನ್ಯವಾಗಿ ಅಷ್ಟೇನೂ ಇರುವುದಿಲ್ಲ. ಬ್ಯಾಲೆನ್ಸ್ಡ್ ಕೇಬಲ್ ಬಳಸಬೇಕು. ವಿದ್ಯುತ್ ವೈರ್‌ಗಳ ಜೊತೆ ಸಂಕೇತದ ಕೇಬಲನ್ನು ಒಂದೇ ಕಟ್ಟಾಗಿ ಕಟ್ಟಬಾರದು. ಹಾದು ಹೋಗಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು. ಇಷ್ಟಾದರೂ ಸದ್ದು ಉಳಿದರೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಸಂಕೇತ ಅದರ ಮೂಲಕ ಕಾಂತಶಕ್ತಿಯಾಗಿ ದಾಟುತ್ತದೆ, ಲೋಹದ ಸಂಪರ್ಕ ಇರುವುದಿಲ್ಲ, ಹೀಗಾಗಿ ಲೂಪ್ ತುಂಡಾಗುತ್ತದೆ. ವಿದ್ಯುತ್ ಅರ್ತಿಂಗ್ ಮಾತ್ರ ಹಾಗೆಯೇ ಉಳಿಯುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ಬಾಸ್ ಸ್ವರಗಳನ್ನು ಒಡೆಯುತ್ತವೆ, ಇದರಲ್ಲಿ ಜಿಪುಣತನ ಸಲ್ಲದು.

ಲ್ಯಾಪ್‌ಟಾಪ್ ಚಾರ್ಜರ್ ತೆಗೆದೊಡನೆ ನಿಲ್ಲುವ ಸದ್ದಿಗೆ ಕಾರಣ ಅಡಾಪ್ಟರ್. ಎರಡು ಪಿನ್ನಿನ ಅಡಾಪ್ಟರ್‌ಗಳ ಒಳಗಿನ ಕೆಪಾಸಿಟರ್ ಮೂಲಕ ಸಣ್ಣ ಪ್ರವಾಹ ಸೋರಿ, ಯುಎಸ್‌ಬಿ ತಂತಿ ದಾಟಿ, ಮಾನಿಟರಿನ ಅರ್ತಿಂಗ್ ಹುಡುಕಿಕೊಂಡು ಹೋಗುತ್ತದೆ. ಕರೆಂಟ್ ಹೋದಾಗ ಮಾತ್ರ ಹುಟ್ಟುವ ಕರ್ಕಶ ಸದ್ದು ಸ್ಕ್ವೇರ್ ವೇವ್ ಇನ್ವರ್ಟರಿನದು. ಅದಕ್ಕೆ ಸೈನ್ ವೇವ್ ಇನ್ವರ್ಟರ್ ಹಾಕುವುದೇ ಪರಿಹಾರ.

ಕೆಲವೊಮ್ಮೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿದರೂ ಸದ್ದು ಹೋಗುವುದಿಲ್ಲ. ಕೆನಡಾದಲ್ಲಿ ಕೆಲಸ ಮಾಡಿದ ಇಂಜಿನಿಯರ್ ನೀಲ್ ಮನ್ಸಿ ಇದರ ಕಾರಣವನ್ನು 1995ರ ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದರು. ತಯಾರಕರು ಒಂದನೇ ಪಿನ್ನನ್ನು ಲೋಹದ ಕವಚಕ್ಕೆ ಜೋಡಿಸುವ ಬದಲು ಒಳಗಿನ ಸರ್ಕ್ಯೂಟ್ ಬೋರ್ಡಿನ ನೆಲಕ್ಕೆ ಜೋಡಿಸಿದರೆ, ಶೀಲ್ಡಿನ ಕೊಳಕು ಪ್ರವಾಹ ನೇರ ಸೂಕ್ಷ್ಮ ಸರ್ಕ್ಯೂಟಿನೊಳಗೆ ಹೋಗುತ್ತದೆ. ಇದಕ್ಕೆ ‘ಪಿನ್ 1 ಸಮಸ್ಯೆ’ ಎಂಬ ಹೆಸರು ನಿಂತಿತು. 2005ರ ಎಇಎಸ್48 ಮಾನಕ ಸರಿಯಾದ ಜೋಡಣೆಯನ್ನು ವಿಧಿಸಿತು. ದೋಷ ಸಲಕರಣೆಯಲ್ಲಿದ್ದಾಗ ಎಷ್ಟು ಕೇಬಲ್ ಬದಲಿಸಿದರೂ ಅದು ಹೋಗದು.

ಪ್ಯಾಸಿವ್ ಮಾನಿಟರ್‌ಗಳ ಸ್ಪೀಕರ್ ವೈರ್

ಇಲ್ಲಿ ನೋಡಬೇಕಾದದ್ದು ತಂತಿಯ ದಪ್ಪ ಮತ್ತು ಉದ್ದ, ಮಿಕ್ಕದ್ದೆಲ್ಲ ಗೌಣ. 1.5 ಚದರ ಮಿಲಿಮೀಟರ್ ತಾಮ್ರದ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.0115 ಓಮ್, 2.5ರದು 0.007 ಓಮ್. ಹೋಗಿ ಬರುವ ಎರಡೂ ತಂತಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ಹಾಕಿದರೆ ಒಟ್ಟು 0.07 ಓಮ್, 8 ಓಮ್ ಸ್ಪೀಕರ್ ಮುಂದೆ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಅದೇ ದೂರಕ್ಕೆ 0.75ರ ತಂತಿಯಾದರೆ 0.23 ಓಮ್, ಧ್ವನಿ ಕಾಲು ಡೆಸಿಬಲ್ ಇಳಿಯುತ್ತದೆ. ಆ ಇಳಿಕೆ ಎಲ್ಲ ಸ್ವರಗಳಿಗೂ ಸಮನಾಗಿರುವುದಿಲ್ಲ, ಏಕೆಂದರೆ 8 ಓಮ್ ಎಂದು ಬರೆದ ಸ್ಪೀಕರಿನ ಪ್ರತಿಬಾಧೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತಿರುತ್ತದೆ. ತಂತಿಯ ರೆಸಿಸ್ಟೆನ್ಸ್ ಸ್ಪೀಕರಿನದರ ನೂರಕ್ಕೆ ಐದು ಪಾಲು ಮೀರಬಾರದೆಂಬುದು ವಾಡಿಕೆಯ ಮಿತಿ. ಸ್ಟುಡಿಯೊದಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಅಮೆರಿಕದ ಆರ್. ಎ. ಗ್ರೈನರ್ 1980ರಲ್ಲಿ, ಫ್ರೆಡ್ ಡೇವಿಸ್ 1991ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಆಂಪ್ಲಿಫೈಯರ್, ತಂತಿ ಮತ್ತು ಸ್ಪೀಕರಿನ ಪರಸ್ಪರ ಸಂಬಂಧವನ್ನು ವಿಶ್ಲೇಷಿಸಿದ್ದಾರೆ.

ಮನೆಯ ವೈರಿಂಗಿಗೆ ಬಳಸುವ ಎಳೆ ಎಳೆಯಾದ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಎರಡು ಬಣ್ಣದಲ್ಲಿ ತೆಗೆದುಕೊಂಡು ಒಟ್ಟಿಗೆ ಹೊಸೆದರೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿಗಳು ತಾಮ್ರದ್ದೆಂದೇ ಮಾರಾಟವಾಗುತ್ತವೆ. ಕೈಗೆತ್ತಿಕೊಂಡಾಗ ಹಗುರವಾಗಿದ್ದರೆ, ಕೆರೆದಾಗ ಬೆಳ್ಳಗೆ ಕಂಡರೆ ಕೊಳ್ಳಬಾರದು. ಕೆಂಪು ಮತ್ತು ಕಪ್ಪು ತುದಿಗಳನ್ನು ಎರಡೂ ಮಾನಿಟರ್‌ಗಳಲ್ಲಿ ಒಂದೇ ಕ್ರಮದಲ್ಲಿ ಜೋಡಿಸಬೇಕು. ನ್ಯೂಟ್ರಿಕ್ ಕಂಪನಿ 1987ರಲ್ಲಿ ತಂದ ಸ್ಪೀಕಾನ್ ಕನೆಕ್ಟರ್ ತಿರುಗಿಸಿ ಬಿಗಿಯುವಂಥದ್ದು. ಅದರಲ್ಲಿ ಬರಿಗೈಗೆ ಲೋಹ ತಾಗುವುದಿಲ್ಲ, ಲೈನ್ ಮಟ್ಟದ ತೂತಿಗೆ ತಪ್ಪಿ ಚುಚ್ಚಲೂ ಆಗುವುದಿಲ್ಲ.

ಡಿಜಿಟಲ್ ಕೇಬಲ್‌ಗಳು

ಕೆಲವು ಮಾನಿಟರ್‌ಗಳಿಗೆ ಡಿಜಿಟಲ್ ಇನ್‌ಪುಟ್ ಇದೆ. 1985ರ ಎಇಎಸ್3 ಮಾನಕದ ಸಂಕೇತ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲೇ ಹೋಗುತ್ತದೆ, ಆದರೆ ಅದಕ್ಕೆ 110 ಓಮ್ ಲಕ್ಷಣ ಪ್ರತಿಬಾಧೆಯ ಕೇಬಲ್ ಬೇಕು. ಮೈಕ್ ಕೇಬಲ್ ಹಾಕಿದರೆ ಒಂದೆರಡು ಮೀಟರ್‌ವರೆಗೆ ನಡೆದೀತು. ದೂರ ಹೆಚ್ಚಿದಂತೆ ಪ್ರತಿಫಲನದಿಂದ ಚಟಪಟ ಸದ್ದು ಬರುತ್ತದೆ ಅಥವಾ ಧ್ವನಿ ಪೂರ್ತಿ ನಿಲ್ಲುತ್ತದೆ. ಆರ್‌ಸಿಎ ಪಿನ್ನಿನ ಎಸ್‌ಪಿಡಿಐಎಫ್‌ಗೆ 75 ಓಮ್ ಕೇಬಲ್ ಬೇಕು. ಮಾನಿಟರ್ ಬೆನ್ನಿನಲ್ಲಿ ನೆಟ್‌ವರ್ಕ್ ತೂತು ಕಂಡಮಾತ್ರಕ್ಕೆ ಅದರಲ್ಲಿ ಧ್ವನಿ ಹೋಗುತ್ತದೆಂದು ತಿಳಿಯಬಾರದು. ಹಲವು ಮಾದರಿಗಳಲ್ಲಿ ಅದು ಬರೀ ಹೊಂದಾಣಿಕೆಯ ಸಾಫ್ಟ್‌ವೇರಿಗೆ ಮೀಸಲು.

ಬೆಲೆ ಮತ್ತು ಹೇಳಿಕೆಗಳು

1970ರ ದಶಕದ ಕೊನೆಯಿಂದ ಕೇಬಲ್‌ಗಳನ್ನು ಸ್ವರಮಾಧುರ್ಯದ ಹೆಸರಿನಲ್ಲಿ ಮಾರುವ ದೊಡ್ಡ ವ್ಯಾಪಾರವೇ ಬೆಳೆದಿದೆ. ಆಮ್ಲಜನಕರಹಿತ ತಾಮ್ರದ ವಿದ್ಯುದ್ವಾಹಕತೆ ಸಾಧಾರಣ ವಿದ್ಯುತ್ ತಾಮ್ರಕ್ಕಿಂತ ನೂರಕ್ಕೆ ಒಂದರಷ್ಟು ಹೆಚ್ಚಿದ್ದರೆ ಹೆಚ್ಚು. ಬೆಳ್ಳಿಯದು ಆರರಷ್ಟು ಹೆಚ್ಚು. ತಂತಿಯನ್ನು ಕೊಂಚ ದಪ್ಪ ಮಾಡಿದರೆ ಅದೇ ಫಲ ತಾಮ್ರದಲ್ಲೇ ಸಿಗುತ್ತದೆ. ಪ್ರವಾಹ ತಂತಿಯ ಮೇಲ್ಮೈಯಲ್ಲೇ ಹರಿಯುತ್ತದೆಂಬ ಸ್ಕಿನ್ ಎಫೆಕ್ಟ್ ವಾದದಲ್ಲೂ ಹುರುಳಿಲ್ಲ. 20 ಕಿಲೊಹರ್ಟ್ಸ್‌ನಲ್ಲೂ ಪ್ರವಾಹ ತಾಮ್ರದಲ್ಲಿ 0.46 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ, ಲೈನ್ ಕೇಬಲ್‌ನ ಒಳತಂತಿಯ ಅರ್ಧ ದಪ್ಪ ಅದಕ್ಕಿಂತ ಕಡಿಮೆ. ಚಿನ್ನದ ಲೇಪ ಧ್ವನಿಯನ್ನು ಸುಧಾರಿಸುವುದಿಲ್ಲ. ಅದಕ್ಕೆ ಕಿಲುಬು ಹಿಡಿಯುವುದಿಲ್ಲ ಎಂಬುದಷ್ಟೇ ಅದರ ಗುಣ. ಮಂಗಳೂರು, ಕಾರವಾರದಂಥ ಕರಾವಳಿಯ ತೇವದ ಹವೆಯಲ್ಲಿ ಆ ಗುಣಕ್ಕೆ ಬೆಲೆಯಿದೆ. ಕೇಬಲ್ ಮೇಲಿನ ಬಾಣದ ಗುರುತಿಗೂ ತಾಮ್ರದ ದಿಕ್ಕಿಗೂ ಸಂಬಂಧವಿಲ್ಲ. ಕೆಲವು ಕೇಬಲ್‌ಗಳಲ್ಲಿ ಶೀಲ್ಡನ್ನು ಒಂದೇ ತುದಿಯಲ್ಲಿ ಜೋಡಿಸಿರುತ್ತಾರೆ, ಆ ತುದಿ ಯಾವುದೆಂದು ಬಾಣ ತಿಳಿಸುತ್ತದೆ.

ಹಣ ನಿಜವಾಗಿ ಕೆಲಸಕ್ಕೆ ಬರುವುದು ಕನೆಕ್ಟರಿನಲ್ಲಿ ಮತ್ತು ಬೆಸುಗೆಯಲ್ಲಿ. ಕೆಡುವ ಕೇಬಲ್‌ಗಳಲ್ಲಿ ಬಹುತೇಕ ಕೆಡುವುದು ತುದಿಯಲ್ಲೇ: ಒಣ ಬೆಸುಗೆ, ಸಡಿಲವಾದ ಹಿಡಿಕಟ್ಟು, ಸವೆದ ಸ್ಪ್ರಿಂಗ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಶೀಲ್ಡ್ ಕೇಬಲನ್ನು ಮೀಟರ್ ಲೆಕ್ಕದಲ್ಲಿ, ಕನೆಕ್ಟರ್‌ಗಳನ್ನು ಬಿಡಿಯಾಗಿ ಕೊಳ್ಳಬಹುದು. ಅಲ್ಲೇ ಬೆಸುಗೆ ಹಾಕಿಸಿಕೊಂಡರೆ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿಯೇ ಹೊರಡಬೇಕು. ಪ್ರತಿ ಪಿನ್ನೂ ಆಚೆಯ ಅದೇ ಪಿನ್ನಿಗೆ ತಾಗಬೇಕು, ಬೇರೆ ಯಾವುದಕ್ಕೂ ತಾಗಬಾರದು. ಪರೀಕ್ಷಿಸುವಾಗ ಕೇಬಲನ್ನು ಬುಡದಲ್ಲಿ ಅಲುಗಿಸಿ ನೋಡಬೇಕು.

ಮೇಜಿನ ಮೇಲೆ ಎರಡು ಆ್ಯಕ್ಟಿವ್ ಮಾನಿಟರ್, ಒಂದು ಇಂಟರ್‌ಫೇಸ್ ಇರುವ ಮನೆ ಸ್ಟುಡಿಯೊಗೆ ಬೇಕಾದದ್ದು ಟಿಆರ್‌ಎಸ್‌ನಿಂದ ಎಕ್ಸ್‌ಎಲ್‌ಆರ್‌ಗೆ ಹೋಗುವ, ಎರಡು ಅಥವಾ ಮೂರು ಮೀಟರ್ ಉದ್ದದ, ಹೆಣೆದ ಶೀಲ್ಡಿನ ಎರಡು ಬ್ಯಾಲೆನ್ಸ್ಡ್ ಕೇಬಲ್. ಅದೇ ಬಗೆಯ ಮೂರನೆಯದೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಂಡರೆ, ಸದ್ದು ಕೆಟ್ಟ ದಿನ ದೋಷ ಕೇಬಲ್‌ನದೋ ಸಲಕರಣೆಯದೋ ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸಬಹುದು.